ನಮ್ಮ ಚಂದ್ರಿಯ ಮುಪ್ಪು

ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಂಡಳಿಯ ಮಕ್ಕಳು ಮನೆಗೆ ಬಂದಿದ್ದರು. ನಾನು ಇದೇ ಶಾಲೆಯಲ್ಲಿ ಬಹಳ ಕಾಲ ವಿಜ್ಞಾನ ಕಲಿಸಿ ನಿವೃತ್ತನಾದವನು. ಗ್ರಹಣವನ್ನು ಕುರಿತೋ ಮಳೆನೀರನ್ನು ಕುರಿತೋ ಬರೆದೇನೆಂದು ಅವರು ತಿಳಿದಿದ್ದಿರಬೇಕು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಅದೇ ಸಂಜೆ ನಮ್ಮ ಬೀದಿಯಲ್ಲಿ ಒಂದು ಮದುವೆಯ ಮೆರವಣಿಗೆ ಬಂದಿತು. ಮುಂದೆ ದೊಡ್ಡ ದೊಡ್ಡ ಧ್ವನಿವರ್ಧಕಗಳ ಗಾಡಿ, ಅದರ ಹಿಂದೆ ಒಂದು ಬಿಳಿಯ ಕುದುರೆ. ಅದು ಡಾಂಬರಿನ ರಸ್ತೆಯ ಮೇಲೆ ಕುಣಿಯುತ್ತಿತ್ತು. ಹುಡುಗರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತ ಶಿಳ್ಳು ಹಾಕುತ್ತಿದ್ದರು. ಕುಣಿತದ ನಡುವೆ ನಾಲ್ಕು ಹೆಜ್ಜೆ ನಡೆದಾಗ ನಾನು ಅದರ ತಲೆಯನ್ನು ನೋಡಿದೆ. ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಅದು ತಲೆಯನ್ನು ಮೇಲಕ್ಕೆತ್ತುತ್ತಿತ್ತು. ಆ ತಲೆಯಾಟದ ಅರ್ಥ ನನಗೆ ಗೊತ್ತು. ನಲವತ್ತು ವರ್ಷಕ್ಕೂ ಹಿಂದೆ ಒಂದು ಮೂಕ ಪ್ರಾಣಿ ಅದನ್ನು ನನಗೆ ಕಲಿಸಿತ್ತು. ಆದ್ದರಿಂದ ಈ ಸಲ ಅವಳ ಕಥೆಯನ್ನೇ ಬರೆಯುತ್ತಿದ್ದೇನೆ.

ನಮ್ಮ ಊರು ಅಕ್ಕಲಕೋಟೆ ತಾಲೂಕಿನಲ್ಲಿ, ಭೀಮಾ ದಂಡೆಗೆ ಹತ್ತಿರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನಮ್ಮ ಮುತ್ಯಾನಿಗೆ ಮೂರು ಎಕರೆ ಒಣ ಬೇಸಾಯದ ಹೊಲ ಮತ್ತು ಒಂದು ಕುದುರೆ ಇದ್ದವು. ಭೀಮೆಯ ದಂಡೆಯ ಗಿಡ್ಡ ಕುದುರೆಗಳು ಹಿಂದೆ ಮರಾಠರ ದಂಡಿನಲ್ಲಿ ಹೆಸರು ಮಾಡಿದಂಥವು. ನಮ್ಮದೂ ಆ ಕಡೆಯದೇ ಎಂದು ಮುತ್ಯಾ ಹೆಮ್ಮೆಯಿಂದ ಹೇಳುತ್ತಿದ್ದ. ೧೯೬೧ರಲ್ಲಿ ಜಾತ್ರೆಯಲ್ಲಿ ಕೊಂಡು ತಂದಾಗ ಅವಳಿಗೆ ನಾಲ್ಕು ವರ್ಷ. ಕೆಂಪು ಮೈ, ಹಣೆಯ ಮೇಲೆ ಬಿಳಿಯ ಚುಕ್ಕೆ. ಅದಕ್ಕೇ ಚಂದ್ರಿ ಎಂದು ಹೆಸರಿಟ್ಟರು.

ಮುತ್ಯಾ ಅವಳಿಗೆ ಹಲಗಿಯ ತಾಳಕ್ಕೆ ಹೆಜ್ಜೆ ಹಾಕಲು ಕಲಿಸಿದ. ಕಲಿಸುವಾಗ ಬೆಲ್ಲವನ್ನೂ ಕೊಟ್ಟ, ಚಬಕವನ್ನೂ ಎತ್ತಿದ. ಇದನ್ನು ಮುಚ್ಚಿಡಲಾರೆ. ಮದುಮಗನು ಹಣಮಂದೇವರ ಗುಡಿಗೆ ಹೊರಟಾಗ, ಜಾತ್ರೆಯಲ್ಲಿ ಪಲ್ಲಕ್ಕಿ ಎದ್ದಾಗ, ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಚಂದ್ರಿ ಇಲ್ಲದೆ ಮೆರವಣಿಗೆ ಏಳುತ್ತಿರಲಿಲ್ಲ. ಹೊಲ ಕೈಕೊಟ್ಟ ವರ್ಷಗಳಲ್ಲಿ ಮನೆಯನ್ನು ನಡೆಸಿದವಳು ಅವಳೇ. ೧೯೭೨ರ ದೊಡ್ಡ ಬರಗಾಲದಲ್ಲಿ ಜನರು ದನಗಳನ್ನು ಸಿಕ್ಕ ಬೆಲೆಗೆ ಮಾರಿಕೊಂಡರು. ನಮ್ಮ ಮುತ್ಯಾ ಮಾತ್ರ ಮಾರಲಿಲ್ಲ. ಅವನೂ ನಮ್ಮವ್ವನೂ ಸರಕಾರದ ಕಾಮಗಾರಿಯಲ್ಲಿ ಖಡಿ ಒಡೆದು, ಬಂದ ಕೂಲಿಯಲ್ಲಿ ಒಂದು ಪಾಲನ್ನು ಅವಳ ಕಣಕಿಗೆ ಎತ್ತಿಟ್ಟರು. "ಆಕಿ ನಮಗ ಹತ್ತ ವರ್ಷ ಹಾಕ್ಯಾಳ. ನಾವು ಆಕಿಗೆ ಒಂದ ವರ್ಷ ಹಾಕೂದಿಲ್ಲೇನು?" ಎಂಬುದು ಮುತ್ಯಾನ ಲೆಕ್ಕ.

ದಿನಾಲು ನಸುಕಿನಲ್ಲಿ ಮುತ್ಯಾ ಲಾಯಕ್ಕೆ ಹೋಗಿ ಮೊದಲು ಅವಳ ಬಾಲವನ್ನು ನೋಡುತ್ತಿದ್ದ. ಬಾಲದ ಕೂದಲಲ್ಲಿ ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿದ್ದರೆ "ಛಲೋ ಆತು" ಎಂದು ಮುಂದಿನ ಕೆಲಸಕ್ಕೆ ಏಳುತ್ತಿದ್ದ. ಇದೇನು ಶಕುನವೋ ಎಂದು ನಾನು ನಗುತ್ತಿದ್ದೆ. ಅದರ ಕಾರಣ ಬಹಳ ವರ್ಷಗಳ ಮೇಲೆ ತಿಳಿಯಿತು. ಕುದುರೆಯ ಕಾಲಿನ ಕೀಲುಗಳಿಗೆ ಒಂದು ಬಗೆಯ ಬಿಗಿತ ಕೊಟ್ಟುಕೊಳ್ಳುವ ಏರ್ಪಾಡು ಇದೆ. ಹೀಗಾಗಿ ಅದು ನಿಂತೇ ತೂಕಡಿಸಬಲ್ಲದು. ಆದರೆ ಗಾಢನಿದ್ರೆಗೆ ಅದೂ ಮಲಗಲೇಬೇಕು. ಮುಪ್ಪಿನಲ್ಲಿ ಕೀಲು ನೋಯತೊಡಗಿದರೆ, ಮಲಗಿದ ಮೇಲೆ ಏಳಲಾಗದೆಂಬ ಅಂಜಿಕೆಯಿಂದ ಅದು ಮಲಗುವುದನ್ನೇ ಬಿಡುತ್ತದೆ. ನಿದ್ದೆಗೆಟ್ಟು ನಿಂತಲ್ಲೇ ಮುಗ್ಗರಿಸಿ, ಮುಂಗಾಲಿನ ಗೆಣ್ಣಿನ ಮೇಲೆ ಗಾಯ ಮಾಡಿಕೊಳ್ಳುತ್ತದೆ. ಅಂದರೆ ಬಾಲದ ಕಡ್ಡಿಯೆಂದರೆ, ರಾತ್ರಿ ಮಲಗಿದ್ದಳು, ಎದ್ದಳು, ನೋವು ತಾಳುವಷ್ಟಿದೆ ಎಂಬ ಸುದ್ದಿ. ಓದುಬರಹ ಬಾರದ ಮುತ್ಯಾ ಅದನ್ನು ಓದುತ್ತಿದ್ದ.

ಚಂದ್ರಿಗೆ ಹದಿನೆಂಟು ತುಂಬಿದಾಗ ಮುತ್ಯಾ ಅವಳ ಕುಣಿತವನ್ನು ನಿಲ್ಲಿಸಿಬಿಟ್ಟ. ಮದುಮಗನನ್ನು ಹೊತ್ತು ನಡೆಯುವುದಷ್ಟೇ ಕೆಲಸ, ಅದೂ ಮಣ್ಣಿನ ದಾರಿಯಲ್ಲಿ. ಹೊರಡುವ ಮೊದಲು ಅರ್ಧ ಹರದಾರಿ ಬರಿಮೈಯಲ್ಲಿ ನಿಧಾನವಾಗಿ ಅಡ್ಡಾಡಿಸಬೇಕು, ಬಂದ ಮೇಲೆ ಬೆವರು ಆರುವತನಕ ಮತ್ತೆ ಅಡ್ಡಾಡಿಸಬೇಕು. ಹಳೆಯ ಕೀಲು ಮೊದಲ ಹೆಜ್ಜೆಗಳಲ್ಲಿ ಬಿಗಿದಿರುತ್ತದೆ, ನಡೆದಂತೆ ಸಡಿಲಾಗುತ್ತದೆ. ಮುದಿ ಕುದುರೆಯನ್ನು ಗೂಟಕ್ಕೆ ಕಟ್ಟಿಯೇ ಇಟ್ಟರೆ ಅದು ಕೆಡುತ್ತದೆ, ಎಳೆಯದೆಂದು ತಿಳಿದು ದುಡಿಸಿದರೂ ಕೆಡುತ್ತದೆ. ಈ ಎರಡರ ನಡುವಿನ ದಾರಿಯೇ ಅದರ ಆರೈಕೆ.

೧೯೭೭ರ ಬೇಸಿಗೆ. ನಾನು ಎಂಟನೆಯ ಇಯತ್ತೆಯ ಪರೀಕ್ಷೆ ಮುಗಿಸಿ ಸೂಟಿಯಲ್ಲಿದ್ದೆ. ಮುತ್ಯಾ ಬೀಗರಲ್ಲಿ ಮಣ್ಣಿಗೆಂದು ಪರ ಊರಿಗೆ ಹೋಗಿದ್ದ. ಮಧ್ಯಾಹ್ನ ದೊಡ್ಡ ಮನೆತನದವರೊಬ್ಬರ ಮದುವೆಗೆಂದು ಇಬ್ಬರು ಬಂದರು. ಕುದುರೆ ಕುಣಿಸಬೇಕು, ೫೦ ರೂಪಾಯಿ ಕೊಡುತ್ತೇವೆ ಎಂದರು. ಅದು ಆಗಿನ ದರಕ್ಕೆ ಎರಡುಪಟ್ಟು. ನನಗೋ ಸೈಕಲ್ಲಿನ ಆಸೆ. ಶಾಲೆಗೆ ದಿನಾಲು ನಾಲ್ಕು ಮೈಲು ನಡೆದು ಸಾಕಾಗಿತ್ತು. ಅವ್ವ ಬೇಡವೆಂದಳು. ನಾನು ಕೇಳಲಿಲ್ಲ.

ತಡವಾಗಿತ್ತು. ಅಡ್ಡಾಡಿಸಲಿಲ್ಲ, ಕಾಲೆತ್ತಿ ಲಾಳ ನೋಡಲಿಲ್ಲ. ಹಲಗಿಯ ಸಪ್ಪಳ ಕಿವಿಗೆ ಬಿದ್ದೊಡನೆ ಚಂದ್ರಿ ಕಿವಿ ನಿಮಿರಿಸಿದಳು. ಎರಡು ವರ್ಷ ಕುಣಿಯದೆ ಇದ್ದವಳು, ನಾನು ಲಗಾಮು ಮುಟ್ಟುವ ಮೊದಲೇ ಕಾಲೆತ್ತಿದಳು. ಜನ ಕೇಕೆ ಹಾಕಿದರು. ನನ್ನ ಎದೆ ಉಬ್ಬಿತು. ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಮೇಲೆ ತಾಸಿಗೂ ಹೆಚ್ಚು ಹೊತ್ತು ಅವಳು ಕುಣಿದಳು. ಒಮ್ಮೆ ಜಾರಿ ಸಾವರಿಸಿಕೊಂಡಳು. ಅದನ್ನು ಕಂಡೂ ಕಾಣದವನಂತೆ ಇದ್ದೆ. ಮನೆಗೆ ತಂದು, ಬೆವರಿದ ಮೈಯಲ್ಲೇ ಕಟ್ಟಿ, ನೋಟುಗಳನ್ನು ದಿಂಬಿನ ಕೆಳಗಿಟ್ಟು ಮಲಗಿಬಿಟ್ಟೆ.

ಬೆಳಗ್ಗೆ ಎದ್ದು ನೋಡಿದರೆ ಬಾಲದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಬಲ ಮುಂಗಾಲಿನ ಹಿಂಬದಿಯ ನರ ಬಾಳೆಕಾಯಿಯಂತೆ ಬಾತುಕೊಂಡು, ಮುಟ್ಟಿದರೆ ಬಿಸಿಯಾಗಿತ್ತು. ನಡೆಸಿದರೆ ಆ ಕಾಲು ಊರಿದಾಗಲೆಲ್ಲ ತಲೆ ಮೇಲೆತ್ತುತ್ತಿದ್ದಳು. ಮುಂಗಾಲು ನೋಯುವ ಕುದುರೆ ತಲೆಯನ್ನೆತ್ತಿ ಆ ಕಾಲಿನ ಮೇಲಿನ ಭಾರವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕುದುರೆಗೆ ಕುಂಟುವುದೊಂದೇ ಭಾಷೆ.

ಮರುದಿನ ಮುತ್ಯಾ ಬಂದ. ಕಾಲು ಮುಟ್ಟಿ ನೋಡಿದ. ನನ್ನನ್ನು ಹೊಡೆಯುತ್ತಾನೆಂದು ಗೋಡೆಗೆ ಅಂಟಿ ನಿಂತಿದ್ದೆ. ಅವನು ಹೊಡೆಯಲಿಲ್ಲ. ಅವಳೇ ಕುಣಿದಳು, ನಾನು ಚಬಕ ಮುಟ್ಟಲಿಲ್ಲ ಎಂದು ನಾನೇ ತೊದಲಿದೆ. ಮುತ್ಯಾ ಕಾಲಿನಿಂದ ಕೈ ತೆಗೆಯದೆ ಹೇಳಿದ: "ಆಕಿಗೆ ಒಲ್ಲೆ ಅನ್ನಾಕ ಬರಂಗಿಲ್ಲೋ ತಮ್ಮಾ. ನಾವ ಆಕಿಗೆ ಅದನ್ನ ಕಲಿಸಿಲ್ಲ. ಆಕಿ ಪರವಾಗಿ ನೀನ ಒಲ್ಲೆ ಅನ್ನಬೇಕಿತ್ತು."

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲಿದೆ. ಉಳಿದದ್ದು ಅದರ ವಿವರಣೆ.

ಓಣಿಯ ಹಿರಿಯರೊಬ್ಬರು ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿರೆಂದರು. ಹಿಂದೆ ಮುತ್ಯಾನೂ ಬೇರೊಂದು ಕುದುರೆಗೆ ಬರೆ ಹಾಕಿದ್ದನಂತೆ. ಈ ಸಲ ಅವನ ಕೈ ಏಳಲಿಲ್ಲ. ದನದ ದವಾಖಾನೆಯ ಡಾಕ್ಟರರನ್ನು ಕರೆತಂದೆವು. ಅವರು, "ಬರೆ ಹಾಕಿದರೆ ನೋವಿನ ಮೇಲೆ ನೋವು. ತಣ್ಣೀರು, ವಿಶ್ರಾಂತಿ, ತಾಳ್ಮೆ, ಈ ಮೂರೇ ಔಷಧ" ಎಂದರು. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೆಂಬುದು ಇಲ್ಲವೇ ಇಲ್ಲವೆನ್ನಬೇಕು. ಅಲ್ಲಿರುವುದು ಎಲುಬು ಮತ್ತು ಹಗ್ಗದಂತಹ ಸ್ನಾಯುರಜ್ಜು. ನಿಂತಾಗ ಮೈಭಾರದಲ್ಲಿ ನೂರಕ್ಕೆ ಸುಮಾರು ೬೦ ಪಾಲನ್ನು ಮುಂಗಾಲುಗಳೇ ಹೊರುತ್ತವೆ. ಆ ಹಗ್ಗದ ಎಳೆಗಳು ಹರಿದರೆ, ಅಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ ಕೂಡಿಕೊಳ್ಳಲು ಎಷ್ಟೋ ತಿಂಗಳು ಬೇಕು.

ಆ ಶಿಕ್ಷೆಯನ್ನು ನಾನೇ ಕೇಳಿ ಪಡೆದೆ. ದಿನಾಲು ಬೆಳಗ್ಗೆ ಮತ್ತು ಸಂಜೆ ಅವಳನ್ನು ಹಳ್ಳದ ನೀರಿನಲ್ಲಿ ಮೊಣಕಾಲುಮಟ ನಿಲ್ಲಿಸಿ ಇಪ್ಪತ್ತು ಮೂವತ್ತು ನಿಮಿಷ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಬೇಸಿಗೆಯಲ್ಲಿ ನೀರು ಬತ್ತಿದಾಗ ಬಾವಿಯಿಂದ ಕೊಡ ಹೊತ್ತು ಸುರಿದೆ. ಉರಿ ಇಳಿದ ಮೇಲೆ ಕೈಯಲ್ಲಿ ಹಿಡಿದು ಐದು ನಿಮಿಷ ನಡಿಗೆ. ಆಮೇಲೆ ಹತ್ತು, ಆಮೇಲೆ ಹದಿನೈದು. ದೀಪಾವಳಿ ಬಂದು ಹೋಯಿತು, ಸಂಕ್ರಾಂತಿ ಬಂತು. ಎಳ್ಳುಬೆಲ್ಲದ ಹೊತ್ತಿಗೆ ಅವಳ ತಲೆಯಾಟ ನಿಂತಿತು. ಆ ೫೦ ರೂಪಾಯಿ ಔಷಧಕ್ಕೂ ನಾಲಬಂದನಿಗೂ ಹೋಯಿತು. ಸೈಕಲ್ಲು ಬರಲಿಲ್ಲ. ನಡೆದೇ ಮ್ಯಾಟ್ರಿಕ್ ಮುಗಿಸಿದೆ.

ಆ ವರ್ಷದಿಂದ ನಾನು ಮುತ್ಯಾನ ಕೈಕೆಳಗೆ ಮುದಿ ಕುದುರೆಯ ಪಾಲನೆಯನ್ನು ಕಲಿತೆ. ಮುಂದೆ ಪಶುವೈದ್ಯರಿಂದ ಕೇಳಿ ತಿಳಿದುದನ್ನೂ ಸೇರಿಸಿ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಹಲ್ಲು. ಕುದುರೆಯ ದವಡೆಹಲ್ಲುಗಳು ಬಹುಕಾಲ ಮೇಲಕ್ಕೆ ಬರುತ್ತಲೇ ಇರುತ್ತವೆ, ಮೇಯುವಾಗ ಸವೆಯುತ್ತಲೇ ಇರುತ್ತವೆ. ಸವೆತ ಸಮವಾಗದೆ ಮೇಲ್ದವಡೆಯ ಹೊರಬದಿ, ಕೆಳದವಡೆಯ ಒಳಬದಿ ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊರೆಯುತ್ತವೆ. ಚಂದ್ರಿ ಅರ್ಧ ಅಗಿದ ಕಣಕಿಯ ಉಂಡೆಗಳನ್ನು ಉಗುಳತೊಡಗಿದ್ದಳು. ಹಟ ಮಾಡುತ್ತಿದ್ದಾಳೆಂದು ನಾವು ತಿಳಿದಿದ್ದೆವು. ಡಾಕ್ಟರರು ಅರದಿಂದ ಹಲ್ಲು ಉಜ್ಜಿ ಸಮ ಮಾಡಿದ ಮೇಲೆ ಒಂದೇ ತಿಂಗಳಲ್ಲಿ ಪಕ್ಕೆಲುಬು ಮುಚ್ಚಿತು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು. ತೀರ ಮುಪ್ಪಿನಲ್ಲಿ ಹಲ್ಲು ಸವೆದೇ ಹೋದಾಗ ಕಣಕಿಯನ್ನು ಸಣ್ಣಗೆ ಕತ್ತರಿಸಿ ನೆನೆಸಿ, ಗೋದಿಯ ತೌಡು, ಬೇಯಿಸಿದ ಹುರಳಿ ಕಲಸಿ ತೋಬರಿಯಲ್ಲಿ ಕೊಡುತ್ತಿದ್ದೆವು.

ಎರಡನೆಯದು ಹೊಟ್ಟೆ. ಮೈ ದೊಡ್ಡದು, ಜಠರ ಮಾತ್ರ ಸಣ್ಣದು. ಕುದುರೆಗೆ ವಾಂತಿಯೂ ಆಗುವುದಿಲ್ಲ. ಆದ್ದರಿಂದ ಒಮ್ಮೆಲೆ ತುಂಬ ಕಾಳು ಹಾಕಿದರೆ ಹೊಟ್ಟೆಶೂಲೆ ಬಂದು ಸಾಯಬಹುದು. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕಬೇಕು. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ದಿನಕ್ಕೆ ಬೇಕು. ೩೦೦ ಕಿಲೋ ತೂಕದ ನಾಡಕುದುರೆಗೆ ಅದು ನಾಲ್ಕೂವರೆಯಿಂದ ಆರು ಕಿಲೋ ಆಗುತ್ತದೆ. ನೀರು ದಿನಕ್ಕೆ ೨೫ ಲೀಟರಿಗೆ ಕಡಿಮೆಯಾಗಬಾರದು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಮುದಿ ಕುದುರೆ ತಣ್ಣೀರು ಕುಡಿಯಲು ಹಿಂಜರಿದು, ಮೇವು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ನಮ್ಮವ್ವ ಒಲೆಯ ಮೇಲಿನ ಬಿಸಿನೀರು ಬೆರೆಸಿ ಕೊಡುತ್ತಿದ್ದಳು. ಹಾಗೆಂದು ಕೊಬ್ಬಿಸಲೂ ಬಾರದು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಹೆಚ್ಚಿದ ಪ್ರತಿ ಕಿಲೋ ಆ ಹಳೆಯ ಕೀಲುಗಳ ಮೇಲಿನ ಹೊರೆಯೇ.

ಮೂರನೆಯದು ಗೊರಸು. ಅದು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಲಾಳ ಸವೆಯಲಿ ಬಿಡಲಿ, ಆರರಿಂದ ಎಂಟು ವಾರಕ್ಕೊಮ್ಮೆ ತೆಗೆದು, ಗೊರಸು ಕೊರೆದು, ಮತ್ತೆ ಹೊಡೆಸಬೇಕು. ಮುಂದೆ ಉದ್ದ ಬೆಳೆದ ಗೊರಸು ಹಿಂದಿನ ಸ್ನಾಯುರಜ್ಜನ್ನು ಹೆಜ್ಜೆ ಹೆಜ್ಜೆಗೂ ಜಗ್ಗುತ್ತದೆ. ನೋಯುವ ಕೀಲಿನ ಕುದುರೆಗೆ ಕಾಲು ಮಡಿಚಿ ಬಹಳ ಹೊತ್ತು ನಿಲ್ಲಲಾಗದು. ನಮ್ಮ ನಾಲಬಂದ ಮುಸಲ್ಮಾನ ಹಿರಿಯನು ಚಂದ್ರಿಯ ಕಾಲನ್ನು ಎತ್ತರಕ್ಕೆ ಎತ್ತದೆ ತಾನೇ ನೆಲಕ್ಕೆ ಕುಳಿತು, ನಡುನಡುವೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದ್ದ. "ಮುದಕರು ಮುದಕರಿಗೆ ತ್ರಾಸ ಕೊಡಬಾರದು" ಎಂದು ನಗುತ್ತಿದ್ದ. ಗೊರಸಿನಲ್ಲಿ ಮೊಳೆ ಚುಚ್ಚಿದರೆ ಧನುರ್ವಾಯುವಿನ ಭಯ ಎಲ್ಲ ಪ್ರಾಣಿಗಳಿಗಿಂತ ಕುದುರೆಗೆ ಹೆಚ್ಚು. ಅದಕ್ಕೆ ಲಸಿಕೆ ಇದೆ, ತಪ್ಪದೆ ಹಾಕಿಸಬೇಕು.

ನಾಲ್ಕನೆಯದು ನಮ್ಮ ಮುತ್ಯಾನಿಗೂ ಗೊತ್ತಿರದ ಸಂಗತಿ. ಇಪ್ಪತ್ತೆರಡು ದಾಟಿದ ಮೇಲೆ ಚಂದ್ರಿಯ ಮೈಮೇಲೆ ಉದ್ದನೆಯ ಗುಂಗುರು ಕೂದಲು ಬೆಳೆದು, ಬೇಸಿಗೆ ಬಂದರೂ ಉದುರಲಿಲ್ಲ. ನೀರು ವಿಪರೀತ ಕುಡಿಯುತ್ತಿದ್ದಳು, ಬೆನ್ನು ಇಳಿದಿತ್ತು. "ದೇವರು ಮುಪ್ಪಿಗೆ ಕಂಬಳಿ ಹೊಚ್ಚ್ಯಾನ" ಎಂದು ಮುತ್ಯಾ ನಂಬಿದ್ದ. ಬಿಸಿಲಿಗೆ ಸೆಕೆಯಾಗದಿರಲೆಂದು ಕುರುಬರ ಉಣ್ಣೆಕತ್ತರಿ ತಂದು ಕತ್ತರಿಸುತ್ತಿದ್ದೆವು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೆಲಸ ಏರುಪೇರಾದಾಗ ಮುದಿ ಕುದುರೆಗಳಲ್ಲಿ ಹೀಗಾಗುತ್ತದೆಂದು ಇಂದು ತಿಳಿದಿದೆ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ದಿನಾಲು ಕೊಡುವ ಗುಳಿಗೆಯಿಂದ ಹತೋಟಿಗೆ ಬರುತ್ತದೆ. ಹತೋಟಿ ಇಲ್ಲದಿದ್ದರೆ ಗೊರಸಿನ ಒಳಗೆ ಉರಿಯೂತವಾಗಿ ನಿಲ್ಲಲಾರದಂತಾಗಬಹುದು. "ವಯಸ್ಸಾಯಿತು, ಹಾಗೇ ಇರುತ್ತದೆ" ಎಂದು ನಾವು ಬಿಟ್ಟುಕೊಟ್ಟ ಎಷ್ಟೋ ನೋವುಗಳು ವಯಸ್ಸಿನವಲ್ಲ, ರೋಗದವು. ಇದು ಕುದುರೆಗೆ ಮಾತ್ರ ಸಲ್ಲುವ ಮಾತಲ್ಲವೆಂದು ಪಾಲಕರಿಗೆ ನಾನು ಹೇಳಬೇಕಾಗಿಲ್ಲ.

ಚಂದ್ರಿ ಮತ್ತೆ ಕುಣಿಯಲಿಲ್ಲ. ಓಣಿಯ ಮಕ್ಕಳನ್ನು ಹೊತ್ತು ಹೊಲದ ದಾರಿಯಲ್ಲಿ ನಡೆದಳು. ದೂರದಲ್ಲಿ ಹಲಗಿ ಕೇಳಿಸಿದರೆ ನಿಂತು ಕಿವಿ ನಿಮಿರಿಸುತ್ತಿದ್ದಳು. ಆಗ ಮುತ್ಯಾ ಅವಳ ಕುತ್ತಿಗೆಯ ಮೇಲೆ ಕೈಯಿಟ್ಟು, "ಒಲ್ಲೆ ಅನ್ನವಾ, ಒಲ್ಲೆ ಅನ್ನು" ಎನ್ನುತ್ತಿದ್ದ. ೧೯೮೪ರ ಚಳಿಗಾಲದಲ್ಲಿ, ಇಪ್ಪತ್ತೇಳನೆಯ ವರ್ಷದಲ್ಲಿ, ಒಂದು ರಾತ್ರಿ ದಪ್ಪನೆಯ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದವಳು ಏಳಲಿಲ್ಲ. ಹೊಲದ ಬದುವಿನಲ್ಲಿ ಹೂಳಿದೆವು. ಮಣ್ಣು ಹಾಕುವ ಮೊದಲು ಮುತ್ಯಾ ಬಾಲದಲ್ಲಿದ್ದ ಕಡ್ಡಿಗಳನ್ನು ಒಂದೊಂದಾಗಿ ತೆಗೆದ.

ಕುದುರೆಯ ಆಟ ನೋಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ನಮ್ಮ ಕನ್ನಡ ನೆಲದಿಂದ, ಪ್ರತಿವರ್ಷ ಎರಡು ಕುದುರೆಗಳು ಆಳಂದಿಗೆ ನಡೆದು ಹೋಗಿ ಜ್ಞಾನೇಶ್ವರ ಮಾವುಲಿಯ ಪಾಲಖಿಯೊಡನೆ ಪಂಢರಪುರಕ್ಕೆ ಬರುತ್ತವೆ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಯಲಿನಲ್ಲಿ ರಿಂಗಣ ನಡೆದಾಗ ಅವು ಓಡುವುದು ಮಣ್ಣಿನ ಮೇಲೆ. ಓಡಿದ ಮೇಲೆ ಜನರು ಅವುಗಳ ಕಾಲಡಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಆ ಭಕ್ತಿಯ ಹಾಗೆ ಕಾಳಜಿಯೂ ಪ್ರತಿಯೊಂದು ಕುದುರೆಯ ಕಾಲಿಗೆ ಸಲ್ಲಬೇಕೆಂಬುದಷ್ಟೇ ನನ್ನ ಮಾತು. ೧೯೬೦ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯೂ ವಯಸ್ಸು, ರೋಗ, ಗಾಯಗಳಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು ಅಪರಾಧವೆಂದು ಹೇಳಿದೆ. ವಯಸ್ಸು ಎಂಬ ಶಬ್ದವೇ ಅದರಲ್ಲಿದೆ.

ಆ ಸಂಜೆ ನಾನು ಮೆರವಣಿಗೆಯೊಳಗೆ ಹೋದೆ. ಲಗಾಮು ಹಿಡಿದವನು ಹದಿನೇಳರ ಹುಡುಗ. ಕಾಲು ಕುಂಟುತ್ತಿದೆ, ಕುಣಿಸಬೇಡ ಎಂದೆ. "ಗೊತ್ತೈತ್ರೀ ಸರ್. ಕುಣಿಸಲಿಲ್ಲಂದ್ರ ಅವರು ರೊಕ್ಕ ಕೊಡಂಗಿಲ್ರೀ" ಎಂದ. ಅವನ ಮುಖದಲ್ಲಿ ನನ್ನ ಹದಿನಾಲ್ಕನೆಯ ವರ್ಷವನ್ನು ಕಂಡೆ. ಅವನನ್ನು ಬಯ್ಯಲು ನನಗೆ ಯಾವ ಅಧಿಕಾರ? ಮದುಮಗನ ತಂದೆ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಹೇಳಿದೆ. ಅವನು ಕೇಳಿದ. ಧ್ವನಿವರ್ಧಕ ಮುಂದೆ ಹೋಯಿತು, ಕುದುರೆ ನಡೆದುಕೊಂಡು ಹಿಂದೆ ಬಂದಿತು, ಹುಡುಗನಿಗೆ ಪೂರ್ತಿ ಹಣ ಸಿಕ್ಕಿತು. ಮದುವೆಯ ಸಂಭ್ರಮ ಏನೂ ಕಡಿಮೆಯಾಗಲಿಲ್ಲ.

ಪಾಲಕರೇ, ಕುದುರೆಯನ್ನು ಗೊತ್ತುಮಾಡುವಾಗ "ನಡೆದರೆ ಸಾಕು" ಎಂದು ನೀವೇ ಹೇಳಿರಿ, ಹಣದಲ್ಲಿ ಕಡಿತ ಮಾಡಬೇಡಿರಿ. ಮಕ್ಕಳೇ, ಶಿಳ್ಳು ಹಾಕುವ ಮೊದಲು ಅದರ ತಲೆಯನ್ನೊಮ್ಮೆ ನೋಡಿರಿ. ಒಲ್ಲೆ ಎನ್ನಲು ಬಾರದವರ ಪರವಾಗಿ ಒಲ್ಲೆ ಎನ್ನುವುದನ್ನು ಕಲಿಯಿರಿ.

ಮುಂದಿನ ವಾರ ಆ ಹುಡುಗನೂ ನಾನೂ ಕುದುರೆಯನ್ನು ಪಶುವೈದ್ಯರಲ್ಲಿಗೆ ಕರೆದೊಯ್ದೆವು. ತಣ್ಣೀರು, ವಿಶ್ರಾಂತಿ, ತಾಳ್ಮೆ ಎಂಬ ಹಳೆಯ ಮಾತಿಗೆ ನೋವಿನ ಔಷಧವೂ ಹೊಸ ಲಾಳವೂ ಸೇರಿದವು. ಬಾಲವನ್ನು ನೋಡುವ ವಿದ್ಯೆಯನ್ನು ನಾನು ಅವನಿಗೆ ಹೇಳಿಕೊಟ್ಟೆ. ಮೊನ್ನೆ ಬೆಳಗ್ಗೆ ಚಹಾದ ಹೊತ್ತಿಗೆ ಅವನು ನಮ್ಮ ಬಾಗಿಲಿಗೆ ಓಡಿ ಬಂದ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಹೊರಗೆ ನಿಂತು ಹೇಳಿದ: "ಸರ್, ಇವತ್ತ ಬಾಲದಾಗ ಹುಲ್ಲ ಇತ್ರೀ."